ದಡದಲ್ಲಿ ಸರಿ, ನೀರಲ್ಲಿ ಕೈಕೊಡುತ್ತದೆ: ಕಯಾಕ್‌ನ ಫಿಶ್ ಫೈಂಡರ್, ಮೋಟಾರು, ವೈರಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಮೀನು ಹಿಡಿಯಲು ಹೋದಾಗ ಕಯಾಕ್‌ನ (ಹುಟ್ಟು ಹಾಕುವ ಸಣ್ಣ ದೋಣಿಯ) ಫಿಶ್ ಫೈಂಡರ್, ಅಂದರೆ ನೀರಿನ ಆಳವನ್ನೂ ಮೀನನ್ನೂ ಸ್ಕ್ರೀನ್ ಮೇಲೆ ತೋರಿಸುವ ಯಂತ್ರ, ಆರಿಹೋದರೆ ಎಲ್ಲರ ಕೈಯೂ ಮೊದಲು ಹೋಗುವುದು ಆ ಪೆಟ್ಟಿಗೆಗೇ. ಬಟನ್ ಒತ್ತುತ್ತೇವೆ, ರೀಸೆಟ್ ಮಾಡುತ್ತೇವೆ, ಸಾಫ್ಟ್‌ವೇರ್ ಅಪ್‌ಡೇಟ್ ಇದೆಯಾ ಅಂತ ನೋಡುತ್ತೇವೆ. ಯಾವುದಕ್ಕೂ ಬಗ್ಗದಿದ್ದರೆ ಹೊಸದು ತರುವ ಲೆಕ್ಕ ಹಾಕುತ್ತೇವೆ. ನಾನು ಬಿಚ್ಚಿ ನೋಡಿದ ಕಯಾಕ್‌ಗಳಲ್ಲಿ ತಪ್ಪು ಆ ಪೆಟ್ಟಿಗೆಯ ಒಳಗೆ ಇದ್ದದ್ದು ತೀರಾ ಅಪರೂಪ. ಬ್ಯಾಟರಿಗೂ ಸ್ಕ್ರೀನಿಗೂ ನಡುವೆ ಇರುವ ಒಂದೆರಡು ಮೀಟರ್ ವೈರಿನಲ್ಲಿ, ಅದರಲ್ಲೂ ಯಾವುದೋ ಒಂದು ಜೋಡಣೆಯಲ್ಲಿ ಅದು ಅಡಗಿರುತ್ತದೆ. ನೀರು ಒಳಗೆ ನುಗ್ಗುವುದೇ ಜೋಡಣೆಗಳಿಂದ.

ಅದಕ್ಕೇ ನಾನು ಹುಡುಕುವುದನ್ನು ಯಾವಾಗಲೂ ಬ್ಯಾಟರಿಯಿಂದ ಶುರು ಮಾಡಿ, ವೈರ್ ಹಿಡಿದುಕೊಂಡು ಸ್ಕ್ರೀನ್ ಕಡೆಗೆ ಹೋಗುತ್ತೇನೆ. ದೊಡ್ಡ ಸಾಮಾನೇನೂ ಬೇಡ. ಒಂದು ಸಾಧಾರಣ ಮಲ್ಟಿಮೀಟರ್ ಇರಲಿ. ಜೊತೆಗೆ ಕಾರಿನ ಇಂಡಿಕೇಟರ್‌ನ 12 ವೋಲ್ಟ್, 21 ವಾಟ್ ಬಲ್ಬ್ ಒಂದಕ್ಕೆ ಎರಡು ವೈರ್ ಬೆಸೆದು ಇಟ್ಟುಕೊಳ್ಳಿ. ಈ ಬಲ್ಬ್ ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ವೈರಿಂಗ್ ಬಿಚ್ಚುವಾಗ ಮಾತ್ರ ಬ್ಯಾಟರಿಯ ಸಂಪರ್ಕ ಮೊದಲು ತೆಗೆಯಿರಿ. ಮೋಟಾರಿನ ದೊಡ್ಡ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಸ್ಪ್ಯಾನರ್ ಒಮ್ಮೆಲೇ ತಾಗಿದರೆ ಕೈ ಸುಡುತ್ತದೆ, ಇದರಲ್ಲಿ ಉದಾಸೀನ ಬೇಡವೇ ಬೇಡ.

ಮೊದಲು ಬ್ಯಾಟರಿ

ಹಳೇ ಮಾದರಿಯ ಸೀಲ್ಡ್ ಲೆಡ್ ಆಸಿಡ್ ಬ್ಯಾಟರಿ ಆಗಿದ್ದರೆ ವೋಲ್ಟೇಜ್ ನೋಡಿ ಚಾರ್ಜ್ ಎಷ್ಟಿದೆ ಅಂತ ಸುಮಾರಾಗಿ ಹೇಳಬಹುದು. ಚಾರ್ಜರ್ ತೆಗೆದು ಕೆಲವು ಗಂಟೆ ಸುಮ್ನೆ ಬಿಟ್ಟ ಮೇಲೆ 12.7 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಅರ್ಧಕ್ಕೆ ಬಂದಿದೆ. 12ಕ್ಕಿಂತ ಕೆಳಗಿದ್ದರೆ ಅದನ್ನು ನೀರಿಗೆ ಒಯ್ಯುವುದೇ ಬೇಡ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಗುಣ ಬೇರೆ. ತುಂಬಿದಾಗ 13.3ರಿಂದ 13.4 ವೋಲ್ಟ್ ಇರುತ್ತದೆ. ಅರ್ಧ ಖಾಲಿಯಾದರೂ 13.1ರ ಆಸುಪಾಸಿನಲ್ಲೇ ನಿಂತಿರುತ್ತದೆ. ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಸ್ಕ್ರೀನ್ ಮೇಲಿನ ಬ್ಯಾಟರಿ ಗುರುತನ್ನು ನಂಬಿ ಕೂತವರಿಗೆ ಯಾವ ಮುನ್ಸೂಚನೆಯೂ ಸಿಗುವುದಿಲ್ಲ. ಒಳಗಿರುವ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ತಾನಾಗಿಯೇ ಸಂಪರ್ಕ ಕತ್ತರಿಸುತ್ತದೆ. ಆಗ ಮೀಟರ್ ಇಟ್ಟರೆ ಸೊನ್ನೆಯೋ ಅರ್ಥವಿಲ್ಲದ ಯಾವುದೋ ಅಂಕಿಯೋ ಬರುತ್ತದೆ. ಬ್ಯಾಟರಿ ಸತ್ತೇಹೋಯಿತು ಅಂತ ಅಂದುಕೊಳ್ಳಬೇಡಿ. ಅದೇ ಜಾತಿಯ ಬ್ಯಾಟರಿಗಾಗಿ ಮಾಡಿದ ಚಾರ್ಜರ್‌ಗೆ ಹಾಕಿದರೆ ಬಹಳಷ್ಟು ಸಲ ಮತ್ತೆ ಎಚ್ಚರಗೊಳ್ಳುತ್ತದೆ. ಲೆಡ್ ಆಸಿಡ್ ಚಾರ್ಜರ್‌ನ ಡಿಸಲ್ಫೇಶನ್ ಮೋಡ್ (ಹಳೇ ಲೆಡ್ ಆಸಿಡ್ ಬ್ಯಾಟರಿಗೆ ಜೀವ ತುಂಬುವ ವಿಧಾನ) ಮಾತ್ರ ಇದಕ್ಕೆ ಆಗಿಬರುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಚಾರ್ಜ್ ಮಾಡಿದರೆ ಸೆಲ್‌ಗಳು ಶಾಶ್ವತವಾಗಿ ಹಾಳಾಗುತ್ತವೆ.

ಈಗ ಆ ಬಲ್ಬ್ ತೆಗೆದುಕೊಳ್ಳಿ. ಬ್ಯಾಟರಿಗೆ ನೇರವಾಗಿ ಹಿಡಿದು ಉರಿಸಿ, ಉರಿಯುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. ಈ ಬಲ್ಬ್ ಸುಮಾರು 1.75 ಆಂಪ್ ಎಳೆಯುತ್ತದೆ. ಅಂದರೆ ಸಣ್ಣ ಫಿಶ್ ಫೈಂಡರ್ ಎಳೆಯುವುದಕ್ಕಿಂತ ಜಾಸ್ತಿ. ಏಳೆಂಟು ಆಂಪಿಯರ್ ಅವರ್‌ನ ಒಳ್ಳೆಯ ಬ್ಯಾಟರಿ ಈ ಭಾರಕ್ಕೆ ಸ್ವಲ್ಪವೇ ಬಗ್ಗುತ್ತದೆ. ಹತ್ತು ನಿಮಿಷದಲ್ಲಿ 11ಕ್ಕೆ ಇಳಿದರೆ ಬ್ಯಾಟರಿಯೇ ಹೋಗಿದೆ, ವೈರ್ ಹುಡುಕುವ ಕೆಲಸ ತಪ್ಪಿತು.

ಎರಡು ತಿಂಗಳು ಕಾಡಿದ ಒಂದು ದೋಷ

ನನ್ನ ಕಯಾಕ್‌ನ ಫಿಶ್ ಫೈಂಡರ್ ಮನೆಯಲ್ಲಿ ಗಂಟೆಗಟ್ಟಲೆ ಓಡುತ್ತಿತ್ತು. ನೀರಿಗಿಳಿದು ಅರ್ಧ ಗಂಟೆ ಆಯಿತೋ ಇಲ್ಲವೋ, ಸ್ಕ್ರೀನ್ ಆರಿ ಮತ್ತೆ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಬ್ಯಾಟರಿ ಬದಲಾಯಿಸಿದೆ. ಫ್ಯೂಸ್ ಬದಲಾಯಿಸಿದೆ. ರಿಪೇರಿಗೆ ಕೊಟ್ಟ ಕಡೆ ಒಂದು ವಾರ ಇಟ್ಟುಕೊಂಡು, ಏನೂ ತೊಂದರೆ ಇಲ್ಲ ಅಂತ ವಾಪಸ್ ಕೊಟ್ಟರು. ಅವರು ಹೇಳಿದ್ದು ನಿಜವೇ ಆಗಿತ್ತು. ಪೆಟ್ಟಿಗೆಯಲ್ಲಿ ತೊಂದರೆ ಇರಲಿಲ್ಲ.

ಮನೆಗೂ ನೀರಿಗೂ ಏನು ವ್ಯತ್ಯಾಸ ಅಂತ ಕೂತು ಯೋಚಿಸಿದಾಗ ಹೊಳೆದದ್ದು ಬೆಳಕು. ಮನೆಯಲ್ಲಿ ಸ್ಕ್ರೀನ್ ಮಂದವಾಗಿ ಇಡುತ್ತಿದ್ದೆ. ಬಿಸಿಲಲ್ಲಿ ಕಾಣಲಿ ಅಂತ ಅಲ್ಲಿ ಪೂರ್ತಿ ಏರಿಸುತ್ತಿದ್ದೆ. ಬೆಳಕು ಏರಿದರೆ ಕರೆಂಟ್ ಏರುತ್ತದೆ, ಅಲ್ವಾ? ಮನೆಯಲ್ಲೇ ಬೆಳಕು ಪೂರ್ತಿ ಏರಿಸಿ ಮೀಟರ್ ಹಿಡಿದೆ. ಬ್ಯಾಟರಿಯ ಹತ್ತಿರ 12.4 ವೋಲ್ಟ್. ಸ್ಕ್ರೀನ್‌ನ ಹಿಂದಿನ ಪ್ಲಗ್ ಹತ್ತಿರ 10.2. ನಡುವೆ 2.2 ವೋಲ್ಟ್ ಎಲ್ಲೋ ಕಳೆದುಹೋಗುತ್ತಿತ್ತು. ಇಂಥ ಯಂತ್ರಗಳು 10 ವೋಲ್ಟ್‌ನ ಆಸುಪಾಸಿಗೆ ಇಳಿದರೆ ಕೈಚೆಲ್ಲುತ್ತವೆ.

ಎಲ್ಲಿ ಕಳೆಯುತ್ತಿದೆ ಅಂತ ಹುಡುಕುವುದು ಸುಲಭ. ಯಂತ್ರ ಓಡುತ್ತಿರಲಿ. ಮೀಟರಿನ ಎರಡೂ ವೈರುಗಳ ಮೊನೆಗಳನ್ನು ಒಂದೇ ವೈರಿನ ಮೇಲೆ, ಒಂದು ಜೋಡಣೆಯ ಈ ಬದಿಗೆ ಒಂದು, ಆ ಬದಿಗೆ ಒಂದು ಹಿಡಿಯಿರಿ. ಜೋಡಣೆ ಚೆನ್ನಾಗಿದ್ದರೆ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಎಲ್ಲಿ ದೊಡ್ಡ ಅಂಕಿ ಬರುತ್ತದೋ ಅಲ್ಲೇ ಕಳ್ಳ. ನನಗೆ ಫ್ಯೂಸ್ ಹೋಲ್ಡರ್‌ನ ಎರಡು ಬದಿಯ ನಡುವೆ 2.1 ಸಿಕ್ಕಿತು. ವೈರಿನ ಹೊದಿಕೆಗೆ ಸೂಜಿ ಚುಚ್ಚಿ ಅಳೆಯಬೇಕಾಗಿ ಬಂದರೆ ಆ ತೂತನ್ನು ಆಮೇಲೆ ಮುಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ದೋಷ ಅಲ್ಲೇ ಹುಟ್ಟುತ್ತದೆ.

ಹೋಲ್ಡರ್ ಬಿಚ್ಚಿದೆ. ಸ್ಪ್ರಿಂಗ್ ಫಳಫಳ ಅನ್ನುತ್ತಿತ್ತು, ಫ್ಯೂಸ್ ಹೊಸದು, ಎಲ್ಲೂ ಕಿಲುಬಿಲ್ಲ. ಹೋಲ್ಡರಿನಿಂದ ಹೊರಬರುವ ವೈರ್ ಮಾತ್ರ ಬೆರಳಿಗೆ ಸ್ವಲ್ಪ ಗಡುಸಾಗಿ ಸಿಕ್ಕಿತು. ಬ್ಲೇಡಿನಿಂದ ಕೆಂಪು ಹೊದಿಕೆ ಸೀಳಿದೆ. ಒಳಗೆ ತಾಮ್ರದ ಬಣ್ಣವೇ ಇರಲಿಲ್ಲ. ಎಳೆಗಳೆಲ್ಲ ಉರಿದುಹೋದ ಬತ್ತಿಯ ಹಾಗೆ ಕಪ್ಪಗಿದ್ದವು. ಉಗುರಿನಿಂದ ಬಗ್ಗಿಸಿದರೆ ಮುರಿದು ಪುಡಿಯಾಗಿ ಉದುರಿದವು. ಗಟ್ಟಿಯಾಗಿ ಉಳಿದದ್ದು ಮೂರು ಎಳೆ. ನಾಲ್ಕು ಬೆರಳು ಹಿಂದಕ್ಕೆ ಕತ್ತರಿಸಿದರೂ ಕಪ್ಪೇ. ಒಂದು ಗೇಣು ಹಿಂದಕ್ಕೆ ಹೋದಾಗ ತಾಮ್ರದ ಹೊಳಪು ಕಂಡಿತು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಉಪ್ಪು ನೀರು ಎಳೆಗಳ ನಡುವೆ ಏರಿಕೊಂಡು ಹೋಗಿತ್ತು. ಹೊರಗಿನ ಪ್ಲಾಸ್ಟಿಕ್ ಹೊಸದರಂತೆಯೇ ಇತ್ತು.

ಆ ಮೂರು ಎಳೆಗಳಿಂದಾಗಿಯೇ ಮಲ್ಟಿಮೀಟರಿನ ಬೀಪ್ ಪರೀಕ್ಷೆಯಲ್ಲಿ ವೈರ್ ಎಲ್ಲ ಸಲವೂ ಪಾಸಾಗಿತ್ತು. ಈ ಬೀಪ್ (ಕಂಟಿನ್ಯೂಟಿ) ಪರೀಕ್ಷೆಯಲ್ಲಿ ಮೀಟರ್ ಹರಿಸುವುದು ತೀರಾ ಸಣ್ಣ ಕರೆಂಟ್. ಒಂದು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಯಂತ್ರ ಆಫ್ ಇದ್ದಾಗ ವೋಲ್ಟೇಜ್ ಅಳೆದರೂ ಇದೇ ಕಥೆ, 12.6 ಅಂತ ಚೆಂದವಾಗಿ ತೋರಿಸುತ್ತದೆ. ಹಾಗಾಗಿ ಭಾರ ಬಿದ್ದಾಗಲೇ ಅಳೆಯಬೇಕು. ಫಿಶ್ ಫೈಂಡರ್ ಪದೇ ಪದೇ ಆರಿ ಅಳೆಯಲು ಬಿಡದಿದ್ದರೆ ಅದರ ಪ್ಲಗ್ ತೆಗೆದು ಆ ಜಾಗದಲ್ಲಿ ಬಲ್ಬ್ ಹಿಡಿಯಿರಿ. ಬಲ್ಬ್ ಆರುವುದಿಲ್ಲ, ನಿಧಾನವಾಗಿ ಒಂದೊಂದೇ ಜೋಡಣೆ ನೋಡಬಹುದು. ಬ್ಯಾಟರಿ ಮತ್ತು ಪ್ಲಗ್ ನಡುವೆ ಒಟ್ಟು ಅರ್ಧ ವೋಲ್ಟ್‌ಗಿಂತ ಜಾಸ್ತಿ ಕಳೆದರೆ ನಾನು ಬಿಡುವುದಿಲ್ಲ, ಹುಡುಕಿಯೇ ಹುಡುಕುತ್ತೇನೆ. ನೆಗೆಟಿವ್ ವೈರನ್ನೂ ಹೀಗೇ ನೋಡಿ. ಬಹಳ ಜನ ಕೆಂಪು ವೈರ್ ಮುಗಿಸಿ ಎದ್ದುಬಿಡುತ್ತಾರೆ.

ಸರಿಪಡಿಸುವಾಗ ಅದೇ ಜಾತಿಯ ವೈರ್ ಮತ್ತೆ ಹಾಕಬೇಡಿ. ತವರ ಲೇಪಿಸಿದ ತಾಮ್ರದ ವೈರ್ ಸಿಗುತ್ತದೆ, ದೋಣಿಗಳಿಗೆ ಅದೇ ಬೇಕು. ಜೋಡಣೆಯನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೂರಿಸಿ, ಅಂಚಿನಲ್ಲಿ ಅಂಟು ಹನಿಯಾಗಿ ಹೊರಬರುವವರೆಗೆ ಬಿಸಿ ಮಾಡಿ. ಇನ್ಸುಲೇಶನ್ ಟೇಪ್ ಸುತ್ತಿದರೆ ಅದು ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬರಿಯ ಬೆಸುಗೆಯೂ ನನಗೆ ಸಮಾಧಾನ ಕೊಡುವುದಿಲ್ಲ. ಬೆಸುಗೆ ಮುಗಿಯುವ ಕಡೆ ವೈರ್ ಗಡುಸಾಗುತ್ತದೆ, ಅಲೆಯ ಕುಲುಕಾಟಕ್ಕೆ ಅಲ್ಲೇ ಮುರಿಯುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇರಲಿ. ಎಷ್ಟು ಆಂಪಿನದು ಅಂತ ಯಂತ್ರದ ಕೈಪಿಡಿಯಲ್ಲಿ ಇರುತ್ತದೆ, ಸಣ್ಣ ಫಿಶ್ ಫೈಂಡರ್‌ಗೆ ಸಾಮಾನ್ಯವಾಗಿ 3. ಪದೇ ಪದೇ ಹೋಗುತ್ತದೆ ಅಂತ ದೊಡ್ಡ ಫ್ಯೂಸ್ ಹಾಕಬೇಡಿ. ಫ್ಯೂಸ್ ಹೋಗುತ್ತಿದೆ ಅಂದರೆ ಎಲ್ಲೋ ವೈರ್ ಉಜ್ಜಿ ಒಂದಕ್ಕೊಂದು ತಾಗುತ್ತಿದೆ, ಅಥವಾ ಪ್ಲಗ್‌ನೊಳಗೆ ನೀರು ನಿಂತಿದೆ.

ಪ್ಲಗ್‌ಗೆ ಹಚ್ಚುವ ಡೈಎಲೆಕ್ಟ್ರಿಕ್ ಗ್ರೀಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಕರೆಂಟ್ ಹರಿಸುವುದಿಲ್ಲ, ನೀರನ್ನು ದೂರ ಇಡುತ್ತದೆ ಅಷ್ಟೇ. ಕಿಲುಬು ಹಿಡಿದ ಪಿನ್ನಿನ ಮೇಲೆ ಎಷ್ಟು ಮೆತ್ತಿದರೂ ಪ್ರಯೋಜನವಿಲ್ಲ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಸಣ್ಣ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ತೆಳ್ಳಗೆ ಹಚ್ಚಿ. ಹಸಿರು ಕಿಲುಬು ಪಿನ್ನನ್ನು ತಿಂದು ಗುಳಿ ಬಿದ್ದಿದ್ದರೆ ಪ್ಲಗ್ಗನ್ನೇ ಬದಲಾಯಿಸುವುದು ಒಳ್ಳೆಯದು.

ಸ್ಕ್ರೀನ್ ಇದೆ, ತಳ ಕಾಣುತ್ತಿಲ್ಲ

ಈಗ ಕರೆಂಟ್ ಸರಿ ಇದೆ, ಆದರೆ ಆಳದ ಅಂಕಿ ಮಿನುಗುತ್ತಿದೆ ಅಥವಾ ಬರಿಯ ಚುಕ್ಕೆ ಬರುತ್ತಿದೆ ಅಂದುಕೊಳ್ಳಿ. ಇಲ್ಲಿ ವಿಚಾರಿಸಬೇಕಾದದ್ದು ಟ್ರಾನ್ಸ್‌ಡ್ಯೂಸರ್ ಅನ್ನು. ಅದು ಶಬ್ದ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುವ ಸಾಧನ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿ ಅಡ್ಡ ಬಂದರೆ ಮಾತ್ರ ನಿಂತುಬಿಡುತ್ತದೆ. ಕೂದಲೆಳೆಯಷ್ಟು ಗಾಳಿಯ ಪದರ ಸಾಕು.

ಟ್ರಾನ್ಸ್‌ಡ್ಯೂಸರನ್ನು ಕಯಾಕ್‌ನ ಒಳಗೆ ತಳಕ್ಕೆ ಅಂಟಿಸಿದ್ದರೆ ಒಂದು ನೇರ ಪರೀಕ್ಷೆ ಇದೆ. ಕಿತ್ತು ತೆಗೆದು ಅಥವಾ ಇನ್ನೊಂದು ಟ್ರಾನ್ಸ್‌ಡ್ಯೂಸರ್ ಇದ್ದರೆ ಅದನ್ನು ಜೋಡಿಸಿ, ಪಕ್ಕದಿಂದ ನೀರಿಗೆ ಇಳಿಬಿಟ್ಟು ಹಿಡಿಯಿರಿ. ನಿಮ್ಮದೇ ಟ್ರಾನ್ಸ್‌ಡ್ಯೂಸರ್ ನೀರಲ್ಲಿ ತಳವನ್ನು ಸ್ಪಷ್ಟವಾಗಿ ತೋರಿಸಿದರೆ ತಪ್ಪು ಅಂಟಿನಲ್ಲಿದೆ. ಕಯಾಕ್‌ನ ಪಾಲಿಎಥಿಲೀನ್ ಯಾವ ಅಂಟನ್ನೂ ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಬಿಸಿಲು, ಚಳಿಗೆ ಹಿಗ್ಗಿ ಕುಗ್ಗಿ ಅಂಟು ಒಂದು ಅಂಚಿನಿಂದ ಏಳುತ್ತದೆ, ಸಂದಿಗೆ ಗಾಳಿ ಸೇರುತ್ತದೆ. ಹಳೇ ಅಂಟನ್ನು ಪೂರ್ತಿ ಕೆರೆದು, ಜಾಗವನ್ನು ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಅಂಟಿನ ಗುಡ್ಡೆ ಮಾಡಿ, ಟ್ರಾನ್ಸ್‌ಡ್ಯೂಸರನ್ನು ತಿರುಗಿಸುತ್ತಾ ಒತ್ತಿ. ಗುಳ್ಳೆಗಳು ಅಂಚಿಗೆ ಹರಿದು ಹೊರಹೋಗಬೇಕು.

ತಳದ ಮೂಲಕ ನೋಡುವಾಗ ನೀರಿನ ಬಿಸಿ ಸರಿಯಾಗಿ ತೋರಿಸದೆ ಇರುವುದು ದೋಷವಲ್ಲ. ಅದು ಅಳೆಯುತ್ತಿರುವುದು ಪ್ಲಾಸ್ಟಿಕ್‌ನ ಬಿಸಿ. ಸೈಡ್ ಸ್ಕ್ಯಾನ್ (ಬದಿಯ ನೋಟ), ಡೌನ್ ಸ್ಕ್ಯಾನ್ (ಕೆಳಗಿನ ನೋಟ) ಚಿತ್ರಗಳು ಮಸುಕಾಗುವುದಕ್ಕೂ ತಳದ ಮೂಲಕ ನೋಡುವುದೇ ಕಾರಣ, ಆ ಟ್ರಾನ್ಸ್‌ಡ್ಯೂಸರ್ ಹೊರಗೇ ಇರಬೇಕು.

ಹೊರಗೆ ಕಟ್ಟಿದ್ದರೆ ಅದರ ಮುಖವನ್ನು ಬೆರಳಿನಿಂದ ಸವರಿ ನೋಡಿ. ಪಾಚಿ, ಸನ್‌ಸ್ಕ್ರೀನ್ ಜಿಡ್ಡು, ಮೀನಿನ ಲೋಳೆ ಇದ್ದರೆ ನೀರು ಅದಕ್ಕೆ ಅಂಟದೆ ಸಣ್ಣ ಗುಳ್ಳೆಗಳು ಕೂರುತ್ತವೆ. ಪಾತ್ರೆ ತೊಳೆಯುವ ಸೋಪಿನಿಂದ ಮೆತ್ತಗೆ ತೊಳೆಯಿರಿ. ತಳ ನಿಂತಾಗ ಕಾಣುತ್ತದೆ, ವೇಗ ಹಿಡಿದಾಗ ಮಾಯವಾಗುತ್ತದೆ ಅಂದರೆ ಟ್ರಾನ್ಸ್‌ಡ್ಯೂಸರ್ ಬಾಗಿದೆ ಅಥವಾ ಅದರ ಮುಂದೆ ಯಾವುದೋ ಅಂಚು ನೀರನ್ನು ಕಲಕಿ ಗುಳ್ಳೆ ಎಬ್ಬಿಸುತ್ತಿದೆ. ಅದರ ಕೇಬಲ್ ಮಾತ್ರ ಸುಮ್ನೆ ಕತ್ತರಿಸಿ ಜೋಡಿಸಲು ಹೋಗಬೇಡಿ. ಅಲ್ಲಿ ಬರುವ ಪ್ರತಿಧ್ವನಿಯ ಸಂಕೇತ ತೀರಾ ಕ್ಷೀಣ, ಕೇಬಲ್‌ನ ಹೊರಕವಚ ಒಂದು ಕಡೆ ಬಿಟ್ಟುಹೋದರೂ ಗದ್ದಲ ಒಳಗೆ ನುಗ್ಗುತ್ತದೆ.

ಗದ್ದಲ ಅಂದರೆ ಸ್ಕ್ರೀನ್ ಮೇಲೆ ಮಳೆ ಸುರಿದ ಹಾಗೆ ಗೆರೆಗಳು, ಚುಕ್ಕೆಗಳು. ಮೋಟಾರು ಆಫ್ ಮಾಡಿ. ಗೆರೆ ಹೋಯಿತಾ? ಹಾಗಿದ್ದರೆ ಅದು ಮೋಟಾರಿನ ಗದ್ದಲ. ವೇಗವನ್ನು ಎಲೆಕ್ಟ್ರಾನಿಕ್ ಆಗಿ ಬದಲಾಯಿಸುವ ಮೋಟಾರುಗಳು ಕರೆಂಟನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಕೊಡುತ್ತವೆ. ಅದಕ್ಕೇ ನಡುವಿನ ವೇಗದಲ್ಲಿ ಗೆರೆ ಜಾಸ್ತಿ, ಪೂರ್ತಿ ವೇಗದಲ್ಲಿ ಕಡಿಮೆ. ಫಿಶ್ ಫೈಂಡರ್‌ಗೆ ಬೇರೆ ಸಣ್ಣ ಬ್ಯಾಟರಿ ಕೊಡುವುದೇ ನನ್ನ ಪ್ರಕಾರ ಇದಕ್ಕೆ ಗಟ್ಟಿ ಪರಿಹಾರ. ಟ್ರಾನ್ಸ್‌ಡ್ಯೂಸರ್ ಕೇಬಲ್ ಮೋಟಾರಿನ ವೈರ್ ಜೊತೆ ಒಂದೇ ಕಟ್ಟಿನಲ್ಲಿ ಓಡದಿರಲಿ, ದಾಟಲೇಬೇಕಾದರೆ ಅಡ್ಡವಾಗಿ ದಾಟಲಿ. ಪಕ್ಕದ ಕಯಾಕ್‌ನವರು ಅದೇ ಆವರ್ತನದಲ್ಲಿ ನೋಡುತ್ತಿದ್ದರೂ ಗೆರೆ ಬರುತ್ತದೆ. ಸ್ವಲ್ಪ ದೂರ ಹೋದರೆ ಅದು ನಿಲ್ಲುತ್ತದೆ.

ಮೋಟಾರು

ಟ್ರೋಲಿಂಗ್ ಮೋಟಾರಿನಲ್ಲಿ (ಕಯಾಕನ್ನು ಬ್ಯಾಟರಿಯಿಂದ ಓಡಿಸುವ ಮೋಟಾರಿನಲ್ಲಿ) ಕರೆಂಟ್ ದೊಡ್ಡದು, ಹಾಗಾಗಿ ಜೋಡಣೆಯ ತಪ್ಪಿಗೆ ಶಿಕ್ಷೆಯೂ ದೊಡ್ಡದು. 30 ಆಂಪ್ ಎಳೆಯುವಾಗ ಒಂದು ಪ್ಲಗ್‌ನಲ್ಲಿ 0.1 ಓಮ್ ತಡೆ ಇದ್ದರೆ ಅಲ್ಲೇ 3 ವೋಲ್ಟ್ ಕಳೆಯುತ್ತದೆ, 90 ವಾಟ್ ಬಿಸಿಯಾಗಿ ಹೊರಬರುತ್ತದೆ. ಪ್ಲಗ್ ಕರಗಿ ಅಂಟಿಕೊಳ್ಳುವುದು ಹೀಗೆ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಪ್ರತಿ ಜೋಡಣೆಯನ್ನೂ ಕೈಯಿಂದ ಮುಟ್ಟಿ ನೋಡಿ. ವೈರಿಗಿಂತ ಜೋಡಣೆ ಬಿಸಿ ಇದ್ದರೆ ಅದನ್ನೇ ಬಿಚ್ಚಿ.

ಹಳೇ ಐದು ವೇಗದ ಮೋಟಾರು ಐದರಲ್ಲಿ ಮಾತ್ರ ಓಡುತ್ತಿದೆ, ಉಳಿದ ಯಾವುದರಲ್ಲೂ ಓಡುತ್ತಿಲ್ಲ ಅಂದರೆ ಒಳಗಿನ ಸ್ಪೀಡ್ ಕಾಯಿಲ್ ಸುಟ್ಟಿದೆ. ಕಡಿಮೆ ವೇಗಗಳಿಗೆ ಕರೆಂಟ್ ಆ ಕಾಯಿಲ್ ಮೂಲಕ ಹೋಗುತ್ತದೆ, ಐದನೆಯದು ನೇರವಾಗಿ ಹೋಗುತ್ತದೆ. ಮೋಟಾರು ಸರಿ ಇದೆ, ಕಾಯಿಲ್ ಬದಲಾಯಿಸಿದರೆ ಸಾಕು.

ಮೋಟಾರು ಗುಂಯ್‌ಗುಡುತ್ತದೆ, ಕಯಾಕ್ ಮುಂದೆ ಹೋಗುತ್ತಿಲ್ಲ ಅಂದರೆ ಪ್ರೊಪೆಲರ್‌ನ ಶಿಯರ್ ಪಿನ್ ತುಂಡಾಗಿದೆ. ಕಲ್ಲಿಗೋ ಕೊರಡಿಗೋ ಬಡಿದಾಗ ಮೋಟಾರು ಉಳಿಯಲಿ ಅಂತಲೇ ಆ ಪಿನ್ ಇರುವುದು. ಅದರ ಜಾಗಕ್ಕೆ ಗಟ್ಟಿ ಮೊಳೆ ತೂರಿಸಿದರೆ ಮುಂದಿನ ಹೊಡೆತ ನೇರ ಶಾಫ್ಟ್‌ಗೆ ಬೀಳುತ್ತದೆ. ಎರಡು ಪಿನ್ ಮತ್ತು ಒಂದು ಸಣ್ಣ ಸ್ಪ್ಯಾನರ್ ಯಾವಾಗಲೂ ಕಯಾಕ್‌ನಲ್ಲಿರಲಿ.

ಪಿನ್ ಬದಲಾಯಿಸಲು ಪ್ರೊಪೆಲರ್ ತೆಗೆದಾಗ ಅದರ ಹಿಂದೆ ಗಾಳದ ದಾರ ಸುತ್ತಿಕೊಂಡಿದೆಯಾ ಅಂತ ನೋಡಿ. ಮೀನು ಹಿಡಿಯುವವರ ಮೋಟಾರಿಗೆ ನೀರಿಗಿಂತ ದೊಡ್ಡ ಶತ್ರು ಈ ದಾರ. ಶಾಫ್ಟ್ ಸುತ್ತ ಬಿಗಿಯಾಗಿ ಸುತ್ತಿ, ಬಿಸಿಯಾಗಿ, ರಬ್ಬರ್ ಸೀಲನ್ನು ಕೊರೆಯುತ್ತದೆ. ಸೀಲ್ ಹೋದರೆ ನೀರು ಒಳಗೆ, ಬೇರಿಂಗ್‌ಗೆ ತುಕ್ಕು. ಬ್ಯಾಟರಿ ತೆಗೆದು ಪ್ರೊಪೆಲರನ್ನು ಕೈಯಿಂದ ತಿರುಗಿಸಿ. ಒಳಗಿನ ಅಯಸ್ಕಾಂತದಿಂದ ಸಣ್ಣ ಸಣ್ಣ ತಡೆ ಸಿಗುವುದು ಸಹಜ. ಮರಳು ಅರೆದ ಹಾಗೆ ಗರಗರ ಅನ್ನಿಸಿದರೆ ಬೇರಿಂಗ್ ಹೋಗಿದೆ. ಬಿಚ್ಚುವಾಗ ಕಂದು ನೀರು ಸುರಿದರೆ ಸೀಲ್ ಯಾವತ್ತೋ ಹೋಗಿದೆ ಅಂತ ಅರ್ಥ.

ಸ್ಕ್ರೂ, ಚುಕ್ಕಾಣಿ, ತಳ

ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದ ಕಡೆ ಬಿಳಿ ಪುಡಿ ಕಂಡರೆ ಎರಡು ಲೋಹಗಳ ನಡುವೆ ಉಪ್ಪು ನೀರು ಸೇರಿ ಅಲ್ಯೂಮಿನಿಯಂ ಕರಗುತ್ತಿದೆ. ಜೋರಾಗಿ ತಿರುಗಿಸಿದರೆ ಸ್ಕ್ರೂ ತಲೆ ಕಿತ್ತು ಬರುತ್ತದೆ. ಪೆನಿಟ್ರೇಟಿಂಗ್ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ, ಮೊದಲು ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಮತ್ತೆ ಹಾಕುವಾಗ ಸ್ಕ್ರೂವಿನ ಸುರುಳಿಗೆ ಲ್ಯಾನೊಲಿನ್ ಗ್ರೀಸ್ ಹಚ್ಚಿ. ಉಪ್ಪು ನೀರಿಗೆ 304ಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಮೇಲು.

ಚುಕ್ಕಾಣಿ ಒಂದು ಕಡೆಗೆ ಪೂರ್ತಿ ತಿರುಗುತ್ತಿಲ್ಲ ಅಂದರೆ ಹಗ್ಗ ಹಿಗ್ಗಿದೆ ಅಥವಾ ಗಂಟು ಜಾರಿದೆ. ಚುಕ್ಕಾಣಿಯನ್ನು ನಟ್ಟನಡುವೆ ನಿಲ್ಲಿಸಿ ಎರಡೂ ಬದಿಯನ್ನು ಸಮವಾಗಿ ಬಿಗಿ ಮಾಡಿ. ಹಗ್ಗ ಕೊಳವೆಯಿಂದ ಹೊರಬರುವ ಬಾಯಿಯ ಹತ್ತಿರ ಎಳೆ ಎದ್ದಿದ್ದರೆ ಬದಲಾಯಿಸಿಬಿಡಿ, ಅದು ಹರಿಯುವುದು ಗಾಳಿ ಬೀಸುವ ದಿನವೇ.

ಕೊನೆಯದಾಗಿ ಒಳಗೆ ಸೇರುವ ನೀರು. ಬ್ಯಾಟರಿ ಕೂರುವುದು ಅಲ್ಲೇ, ಆದ್ದರಿಂದ ಇದೂ ಕರೆಂಟಿನ ಸಮಸ್ಯೆಯೇ. ಕಯಾಕನ್ನು ಎರಡು ಆಸರೆಗಳ ಮೇಲೆ ಎತ್ತಿಟ್ಟು, ಬ್ಯಾಟರಿ ತೆಗೆದು, ಒಳಗೆ ಎರಡು ಮೂರು ಬಕೆಟ್ ನೀರು ಸುರಿಯಿರಿ. ಹಿಂದಕ್ಕೆ ಮುಂದಕ್ಕೆ ನಿಧಾನವಾಗಿ ವಾಲಿಸಿ, ತಳವನ್ನು ಒಣ ಬಟ್ಟೆಯಿಂದ ಒರೆಸಿ ಕಾಯಿರಿ. ಮೊದಲು ನೋಡಬೇಕಾದದ್ದು ಸ್ಕಪ್ಪರ್ ತೂತುಗಳ, ಅಂದರೆ ಮೇಲೆ ಬಿದ್ದ ನೀರು ಕೆಳಕ್ಕೆ ಹರಿದುಹೋಗುವ ತೂತುಗಳ ಅಂಚು. ಆ ತೂತಿಗೆ ಕಂಬಿ ತೂರಿಸುವ ತಳ್ಳುಗಾಡಿಯ ಮೇಲೆ ಭಾರ ತುಂಬಿದ ಕಯಾಕ್ ಎಳೆದರೆ ಅಲ್ಲೇ ಬಿರುಕು ಬೀಳುತ್ತದೆ. ಬಿರುಕಿಗೆ ಅಂಟು ನಿಲ್ಲುವುದಿಲ್ಲ, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬೆಸೆಯಬೇಕು. ತಳದಲ್ಲಿ ಎಲ್ಲೂ ಹನಿ ಕಾಣದಿದ್ದರೆ ನೀರು ಮೇಲಿನಿಂದ ಬರುತ್ತಿದೆ. ರಾಡ್ ಹೋಲ್ಡರ್‌ನ ಸ್ಕ್ರೂಗಳು, ಮುಚ್ಚಳದ ರಬ್ಬರ್, ನೀವೇ ಕೊರೆದು ಕೇಬಲ್ ಇಳಿಸಿದ ತೂತು, ಇವಿಷ್ಟರ ಮೇಲೆ ಪೈಪಿನಿಂದ ಒಂದೊಂದಾಗಿ ನೀರು ಬಿಡಿ. ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ನೋಡುತ್ತಿರಲಿ. ನನ್ನದರಲ್ಲಿ ಹನಿ ಕಂಡದ್ದು ಕೇಬಲ್ ತೂತಿನಲ್ಲಿ. ಹನಿ ಕೇಬಲ್ ಗುಂಟ ಇಳಿದು ನೇರವಾಗಿ ಆ ಫ್ಯೂಸ್ ಹೋಲ್ಡರ್ ಮೇಲೆ ಬೀಳುತ್ತಿತ್ತು. ಈಗ ತೂತಿಗೆ ರಬ್ಬರ್ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ನೀರು ತಡೆಯುವ ಬಿರಡೆ) ಹಾಕಿದ್ದೇನೆ. ಹೋಲ್ಡರ್‌ಗಿಂತ ಮೊದಲು ಕೇಬಲ್ ಒಂದು ಸಣ್ಣ ಸುತ್ತು ಕೆಳಗೆ ಜೋತುಬಿದ್ದಿದೆ. ನೀರು ಬಂದರೂ ಆ ಸುತ್ತಿನ ತುದಿಯಿಂದ ಕೆಳಕ್ಕೆ ಉದುರುತ್ತದೆ, ಮುಂದಕ್ಕೆ ಹರಿಯುವುದಿಲ್ಲ.